ಚಿತ್ರ ಬಂತು, ದನಿ ಬರಲಿಲ್ಲ

ಜನವರಿ 6, ಸೋಮವಾರ

ಮದುವೆಯಾದಂದಿನಿಂದ ಊಟದ ಮೇಲೆ ಒಂದಿಷ್ಟು ಜಗಳವಾಡದೆ ನಾನೂ ಇವರೂ ಕೈ ತೊಳೆದವರಲ್ಲ. ಪಲ್ಯದ ಉಪ್ಪು, ಇವರ ತಂಗಿಯ ಮಕ್ಕಳು, ಬೆಳಗಾವಿ ದೊಡ್ಡದೋ ಖಾನಾಪುರ ದೊಡ್ಡದೋ, ವಿಷಯ ಯಾವುದಾದರೂ ನಡೆಯುತ್ತಿತ್ತು. ನವೆಂಬರಿನಲ್ಲಿ ಇವರಿಗೆ ಲಕ್ವಾ ಹೊಡೆದ ಮೇಲೆ ಎದುರುತ್ತರ ಕೊಡುವವರೇ ಇಲ್ಲ. ಒಬ್ಬಳೇ ಎಷ್ಟೆಂದು ಜಗಳವಾಡಲಿ? ಮಗಳು ಸಾಕ್ಷಿ ತನ್ನ ಬ್ಯಾಂಕಿನಿಂದ ತಂದುಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಇನ್ನು ಇದರ ಜೊತೆ ಆಡುತ್ತೇನೆ.

ಕಾಲು ಪರವಾಗಿಲ್ಲ, ಕೋಲು ಹಿಡಿದು ಅಂಗಳದವರೆಗೆ ಓಡಾಡುತ್ತಾರೆ. ಬಲಗೈ ಸೋತಿದೆ. ತಲೆ ಮೊದಲಿನಷ್ಟೇ ಚುರುಕು, ಎಲ್ಲ ತಿಳಿಯುತ್ತದೆ. ಹೋದದ್ದು ಮಾತು. ಅದೂ ಎಂಥವರ ಮಾತು! ಖಾನಾಪುರ ತಾಲೂಕಿನ ಕುಸ್ತಿ ಕಣಗಳಲ್ಲಿ ಬಾಳಪ್ಪನವರು ಮೈಕು ಹಿಡಿದರೆಂದರೆ ಚುರುಮುರಿ ಮಾರುವವನೂ ಕೈ ನಿಲ್ಲಿಸಿ ಕೇಳುತ್ತಿದ್ದ. ಪೈಲ್ವಾನನ ಹೆಸರು, ಊರು, ತಾಲೀಮಿನ ಗರಡಿ, ಉಸ್ತಾದರ ಹೆಸರು, ಎಲ್ಲವನ್ನೂ ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ, ಉಸಿರು ಬಿಡದೆ ಹೇಳುವುದು ಇವರ ಪದ್ಧತಿ. ಬಸ್ ಡಿಪೋದಲ್ಲಿ ಇವರು ನೌಕರಿ ಮಾಡಿದ್ದನ್ನು ಜನ ಮರೆತೇಬಿಟ್ಟಿದ್ದಾರೆ, ಮೈಕನ್ನು ಮರೆತಿಲ್ಲ. ಈಗ ಆ ಬಾಯಲ್ಲಿ ಉಳಿದಿರುವುದು ‘ಆತು’ ಒಂದೇ. ಚಹಾ ಬೇಕಿದ್ದರೂ ಆತು, ಬೇಡವಾದರೂ ಆತು. ಸಿಟ್ಟು ಬಂದರೆ ಎರಡು ಸಲ.

ಹಾಗಂತ ಮನೆ ನಿಂತಿಲ್ಲ. ಬೆಳಗಾವಿಯ ಖಾಸಬಾಗದ ಈ ಮನೆಯಲ್ಲೇ ನಡೆಸುವ ನನ್ನ ಹೊಲಿಗೆ ಕ್ಲಾಸು ಒಂದು ದಿನವೂ ಮುಚ್ಚಿಲ್ಲ. ಇವರಿಗೆ ಏನು ಬೇಕೆಂಬುದು ಇವರಿಗಿಂತ ಮೊದಲು ನನಗೇ ಗೊತ್ತಾಗುತ್ತದೆ. ನೋಡಲು ಬಂದವರಿಗೆ, ಫೋನ್ ಮಾಡಿದವರಿಗೆ ಇವರ ಪರವಾಗಿ ಉತ್ತರ ಕೊಡುವವಳೂ ನಾನೇ. ಒಂದು ಮಾತಿಗೂ ಇವರಿಗೆ ಕೊರತೆಯಾಗಲು ಬಿಟ್ಟಿಲ್ಲ. ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ, ಓದುವವರು ಯಾರಿದ್ದಾರೆ?

ಜನವರಿ 9, ಗುರುವಾರ

ಕ್ಯಾಂಪ್ ಪ್ರದೇಶದ ಕ್ಲಿನಿಕ್ಕಿಗೆ ಹೋಗಿದ್ದೆವು. ಮಾತು ಕಲಿಸುವ ಕೇತಕಿ ನಮ್ಮ ಸಾಕ್ಷಿಯಷ್ಟೇ ವಯಸ್ಸಿನವಳು, ಆದರೆ ಗತ್ತು ಹೆಡ್‌ಮೇಡಮ್ಮಿನದು. ಇವರ ಮುಂದೆ ಬಾಳೆಹಣ್ಣಿನ ಚಿತ್ರ ಹಿಡಿದು ಇದೇನು ಎಂದಳು. ಇವರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ನೋಡಲಾಗದೆ ನಾನು, “ಬಾಳೆಹಣ್ಣು ಅನ್ರಿ,” ಎಂದೆ.

“ಅಕ್ಕಾರ, ನಾ ಅವರಿಗೆ ಕೇಳೇನಿ,” ಎಂದಳು ಕೇತಕಿ.

ಮುಂದಿನದು ಛತ್ರಿ. ಅದನ್ನೂ ನಾನೇ ಹೇಳಿದೆ. ಬಾಯಿ ತಡೆಯಲಿಲ್ಲ, ಏನು ಮಾಡಲಿ? ಆಮೇಲೆ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದಳು. ತರಗತಿಯಿಂದ ಹೊರಗೆ ಹಾಕಿಸಿಕೊಂಡದ್ದು ಜೀವನದಲ್ಲಿ ಇದೇ ಮೊದಲು.

ಹೊರಡುವಾಗ ಸಮಾಧಾನದಿಂದ ಹೇಳಿದಳು: “ಬಾಯಿಗೆ ರೂಢಿ ಬಿದ್ದ ಮಾತು ಒಮ್ಮೊಮ್ಮೆ ಮೊದಲ ತಿರುಗಿ ಬರತಾವ್ರಿ. ಅಂಥಾದ್ದು ಏನರ ಇದ್ರ ಕೇಳಸ್ರಿ. ಖಾತ್ರಿ ಕೊಡಾಕ ಆಗಂಗಿಲ್ಲ ಮತ್ತ. ಮತ್ತ ನೀವು ಸ್ವಲ್ಪ ಕಾಯೂದು ಕಲೀರಿ.”

ನಾನು ಕಾಯುವುದನ್ನು ಕಲಿಯಬೇಕಂತೆ. ಆಟೋದಲ್ಲಿ ದಾರಿಯುದ್ದಕ್ಕೂ ಇವರಿಗೆ ಅದನ್ನೇ ಹೇಳುತ್ತ ಬಂದೆ. ಇವರು ಹೊರಗೆ ನೋಡುತ್ತ ಕೂತಿದ್ದರು.

ಜನವರಿ 14, ಮಂಗಳವಾರ

ಸಂಕ್ರಮಣ. ನಮ್ಮ ಓಣಿಯಲ್ಲಿ ಕನ್ನಡದವರೂ ಮರಾಠಿಯವರೂ ಮನೆಮನೆಗೆ ಹೋಗಿ ಎಳ್ಳು ಬೆಲ್ಲ ಕೊಟ್ಟು, ಇದನ್ನು ತಿಂದು ಸಿಹಿಯಾಗಿ ಮಾತಾಡಿ ಎಂದು ಹೇಳುವುದು ಪದ್ಧತಿ. ಮಾತೇ ಇಲ್ಲದವರಿಗೆ ಹಾಗೆ ಹೇಳುವುದು ಹೇಗೆ? ಬಂದವರೆಲ್ಲ ಇವರ ಕೈಯಲ್ಲಿ ಒಂದು ಚಿಟಿಕೆ ಇಟ್ಟು, ಏನೂ ಅನ್ನದೆ, ನನ್ನ ಕಡೆ ಒಂಥರಾ ನೋಡಿ ಹೋದರು. ಒಳ್ಳೆಯವರೇ ಎಲ್ಲ. ಆದರೆ ಹಬ್ಬದ ದಿನ ಆ ಮೌನ ನನಗೆ ಚಪ್ಪಲಿಯೊಳಗಿನ ಹರಳಿನಂತೆ ಚುಚ್ಚಿತು.

ಸಂಜೆ ಖಾನಾಪುರದಿಂದ ದಿಗಂಬರ ಬಂದರು. ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಾರೆ, ಕುಸ್ತಿ ಕಮಿಟಿಯ ಕಾರ್ಯದರ್ಶಿ, ಇವರ ಹಳೆಯ ಗೆಳೆಯರು. ಒಳಗೆ ಬಂದವರೇ ಇವರ ಕೈಗೆ ಕುಸುರೆಳ್ಳು ಸುರಿದು, ರೂಢಿಯಂತೆ ಅದೇ ಮಾತನ್ನು ಮರಾಠಿಯಲ್ಲಿ, “ತಿಳಗೂಳ ಘ್ಯಾ, ಗೋಡ ಗೋಡ ಬೋಲಾ,” ಎಂದುಬಿಟ್ಟರು. ಅಂದ ಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಮುಖ ಪಾಪ, ಸುಣ್ಣದ ಗೋಡೆಯಾಯಿತು.

ಇವರು ತಲೆ ತಗ್ಗಿಸಿದರು. ಅದನ್ನು ನೋಡಿ ನನಗೆ ಎಲ್ಲಿಂದ ಬಂತೋ ರೋಷ. “ಯಾಕ ನಾಚಕೊಂತೀರಿ ದಿಗಂಬರ ಅಣ್ಣಾ? ಇವರು ಮಾತಾಡ್ತಾರ. ಫೆಬ್ರವರಿ ಕುಸ್ತಿಗೆ ಇವರೇ ಮೈಕ್ ಹಿಡೀತಾರ, ನೋಡ್ರಿ ಬೇಕಾರ,” ಎಂದೆ.

“ಖರೇ ಏನ್ರಿ ವಹಿನಿ? ಈ ಸಲ ಬಾಳಪ್ಪಣ್ಣನ ಶಿಷ್ಯ ಅನಿಕೇತಗ ಹೇಳೇವಿ ನಾವು.”

“ಅವಗ ಮುಂದಿನ ವರ್ಷ ಹೇಳ್ರಿ.”

ಇವರು ಎಡಗೈಯಿಂದ ಕುರ್ಚಿಯ ಕೈ ಬಡಿದು “ಆತು, ಆತು” ಎಂದರು. “ನೋಡ್ರಿ, ಅವರೂ ಒಪ್ಪಿದ್ರು,” ಎಂದೆ ನಾನು.

ದಿಗಂಬರರಿಗೆ ಕಣ್ಣಲ್ಲಿ ನೀರು ಬಂತು. ತಮ್ಮ ಬಳಿ ಇವರ ಹಳೆಯ ಕುಸ್ತಿಗಳ ಡಿಸ್ಕುಗಳೆಲ್ಲ ಇವೆಯೆಂದೂ, ಪೆನ್ ಡ್ರೈವಿಗೆ ಹಾಕಿಕೊಡುವುದಾಗಿಯೂ ಹೇಳಿದರು. ಕೇತಕಿ ಹೇಳಿದ್ದ ‘ರೂಢಿ ಬಿದ್ದ ಮಾತು’ ನೆನಪಾಯಿತು. ಇವರ ಮಾತನ್ನೇ ಇವರಿಗೆ ಕೇಳಿಸಿದರಾಯಿತು! ಇಷ್ಟು ಸುಲಭದ ಉಪಾಯ ಆ ಕ್ಲಿನಿಕ್ಕಿನವರಿಗೆ ಹೊಳೆದಿರಲಿಲ್ಲ, ನನಗೆ ಹೊಳೆಯಿತು.

ಜನವರಿ 15, ಬುಧವಾರ

ಇವರು ಬೆಳಗಿನಿಂದ ನನ್ನ ಕಡೆ ನೋಡುತ್ತಿಲ್ಲ. ಹಬ್ಬದ ಊಟ ಭಾರವಾಗಿರಬೇಕು.

ಜನವರಿ 18, ಶನಿವಾರ

ಇವರ ಬಳಿ ಪಕ್ಕದ ಮನೆಯ ಭರಮವ್ವನನ್ನು ಕೂರಿಸಿ ಖಾನಾಪುರದ ಬಸ್ಸು ಹತ್ತಿದೆ. ಸ್ಟುಡಿಯೋದಲ್ಲಿ ಪೆನ್ ಡ್ರೈವ್ ಸಿದ್ಧವಾಗಿತ್ತು. ಹೆಬ್ಬೆರಳಿನಷ್ಟು ವಸ್ತು, ಅದರೊಳಗೆ ಇವರ ಅಷ್ಟೂ ವರ್ಷದ ಗಂಟಲು. ಬ್ಲೌಸಿನೊಳಗೆ ಬಂಗಾರದಂತೆ ಇಟ್ಟುಕೊಂಡು ಬಂದೆ.

ನಮ್ಮ ಟಿ.ವಿ. ಹಳೆಯದು. ದೀಪಾವಳಿಗೆ ಸಾಕ್ಷಿ ಅದಕ್ಕೊಂದು ಕಪ್ಪು ಡಬ್ಬಿ ಜೋಡಿಸಿಕೊಟ್ಟಿದ್ದಳು, ಇಂಟರ್ನೆಟ್ಟಿನಿಂದ ಸಿನಿಮಾ, ಹಾಡು ಎಲ್ಲ ಬರುತ್ತದೆ. ಡಬ್ಬಿಯ ಹಿಂದೆ ಪೆನ್ ಡ್ರೈವ್ ಚುಚ್ಚಲು ಜಾಗವೂ ಇದೆ. ಇವರನ್ನು ಎದುರು ಕೂರಿಸಿ ಚುಚ್ಚಿದೆ.

ಕಣದ ಕೆಂಪು ಮಣ್ಣು ಬಂತು. ಸುತ್ತ ಜನ ಬಂದರು. ನಡುವೆ ತಲೆಗೆ ಹಳದಿ ಪಟಗಾ ಸುತ್ತಿಕೊಂಡು ಇವರು ಬಂದರು, ಮೀಸೆಯಿನ್ನೂ ಕಪ್ಪು, ಮೈಕು ಕೈಯಲ್ಲಿ. ಬಾಯಿ ಅಲ್ಲಾಡಿತು. ಕೈ ಎತ್ತಿದರು, ಜನರೆಲ್ಲ ಚಪ್ಪಾಳೆ ತಟ್ಟಿದರು. ಒಂದು ಚೂರೂ ಸದ್ದಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿದೆ. ಪರದೆಯ ಕೆಳಗೆ ಒಂದು ಸಾಲು ಬಂತು, ಈ ಫೈಲಿನ ಆಡಿಯೊ ಈ ಸಾಧನದಲ್ಲಿ ಕೆಲಸ ಮಾಡುವುದಿಲ್ಲವೆಂದು.

ಟಿ.ವಿ.ಯೊಳಗೂ ಇವರು ಮೂಕರಾಗಿ ಬಾಯಿ ಆಡಿಸುತ್ತಿದ್ದರು. ಇವರು ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿ “ಆತು” ಎಂದರು. ನಾನು ಒಳಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ.

ಸಾಕ್ಷಿಗೆ ಫೋನ್ ಮಾಡಿದೆ. “ಅವ್ವಾ, ಡಬ್ಬಿ ಜೋಡಿ ಬಂದ ಪ್ಲೇಯರ್‌ಗೆ ಅಷ್ಟು ಹಳೇ ಆಡಿಯೊ ತಿಳಿಯಂಗಿಲ್ಲ. ಬ್ಯಾರೆ ಕಂಪನಿ ಪ್ಲೇಯರ್ ಆ್ಯಪ್ ಹಾಕಬೇಕು. ಮುಂದಿನ ತಿಂಗಳು ಧಾರವಾಡದಿಂದ ಬಂದಾಗ ಹಾಕ್ತೀನಿ. ಇಲ್ಲಾ, ವಿಡಿಯೊ ಕಾಲ್ ಮಾಡು, ಹೇಳಿಕೊಡ್ತೀನಿ.”

“ಏನೂ ಬ್ಯಾಡ. ಮೂರು ಮಷೀನ್ ಬಿಚ್ಚಿ ಜೋಡಸಾಕಿ ನಾ. ಇದೇನ್ ದೊಡ್ಡ ಮಾತು?”

ಜನವರಿ 20, ಸೋಮವಾರ

ಡಬ್ಬಿಯ ಸ್ವಂತ ಆ್ಯಪ್ ಅಂಗಡಿಯಲ್ಲಿ ಹುಡುಕಿದೆ. ರಿಮೋಟಿನಿಂದ ಒಂದೊಂದೇ ಅಕ್ಷರ ಒತ್ತುವುದು, ಸೂಜಿಯಲ್ಲಿ ಕಂಬಳಿ ಹೊಲಿದಂತೆ. ಒಂದು ಪ್ಲೇಯರ್ ಸಿಕ್ಕಿತು, ಹಾಕಿದೆ. ಅದರಲ್ಲೂ ಚಿತ್ರ ಬಂತು, ದನಿ ಬರಲಿಲ್ಲ. ಎಲ್ಲರೂ ಹೊಗಳುವ ಇನ್ನೊಂದಿದೆ, ಅದು ನಮ್ಮ ಡಬ್ಬಿಯ ಮಾದರಿಗೆ ಅಂಗಡಿಯಲ್ಲಿ ಸಿಗುವುದಿಲ್ಲವಂತೆ. ಹೊರಗಿನಿಂದ ತಂದು ಹಾಕಬೇಕು.

ಹೊರಗಿನಿಂದ ತರುವುದಕ್ಕೆ ಮೊದಲು ಸೆಟ್ಟಿಂಗಿನಲ್ಲಿ ‘ಅಪರಿಚಿತ ಮೂಲ’ಕ್ಕೆ ಅನುಮತಿ ಕೊಡಬೇಕಂತೆ. ಕೊಟ್ಟೆ. ಅಪಾಯವಾಗಬಹುದು ಎಂದು ಡಬ್ಬಿ ಎಚ್ಚರಿಸಿತು. ಹೂಂ ಎಂದೆ. ಬ್ರೌಸರಿನಲ್ಲಿ ಆ ಪ್ಲೇಯರಿನ ಹೆಸರು ಹಾಕಿದೆ, ಎಲ್ಲಕ್ಕಿಂತ ಮೇಲೆ ಒಂದು ದೊಡ್ಡ ಹಸಿರು ಗುಂಡಿ ಡೌನ್‌ಲೋಡ್ ಎಂದು ಕರೆಯಿತು. ಒತ್ತಿದೆ. ಏನೇನೋ ಅನುಮತಿ ಕೇಳಿತು, ಎಲ್ಲಕ್ಕೂ ಹೂಂ ಹೂಂ ಎನ್ನುತ್ತ ಹೋದೆ. ಹಾಕಿಕೊಂಡಿತು. ಇವರ ಕಡೆ ತಿರುಗಿ, “ನೋಡ್ರಿ, ಯಾರ ಸಹಾಯಾನೂ ಇಲ್ಲದ,” ಎಂದೆ.

ತೆರೆದರೆ ಕುಸ್ತಿ ಇಲ್ಲ, ಏನಿಲ್ಲ. ಬಣ್ಣದ ಚಕ್ರವೊಂದು ತಿರುಗತೊಡಗಿತು. ಅಭಿನಂದನೆ, ನೀವು ಕಾರು ಗೆದ್ದಿದ್ದೀರಿ ಎಂದಿತು.

ಜನವರಿ 21, ಮಂಗಳವಾರ

ಟಿ.ವಿ. ಹಚ್ಚಿದರೂ ಚಕ್ರ, ಭಕ್ತಿಗೀತೆ ಹಾಕಿದರೂ ನಡುವೆ ಚಕ್ರ. ಇವರು ಚಕ್ರವನ್ನೇ ನೋಡುತ್ತ ನಗುತ್ತಿದ್ದಾರೆ. ಬಾಯಿ ಸ್ವಲ್ಪ ವಾರೆ, ಆದರೂ ನಗು ನಗುವೇ. ನನ್ನನ್ನು ನೋಡಿ ನಗುವುದು ಇವರಿಗೆ ಯಾವತ್ತೂ ಬಹಳ ಇಷ್ಟ.

ಜನವರಿ 25, ಶನಿವಾರ

ಇಂದಿನದನ್ನು ಬಿಡದೆ ಬರೆಯಬೇಕು.

ಮೊನ್ನೆ ಆ ಹಾಳು ಆ್ಯಪನ್ನು ಕಿತ್ತು ಹಾಕಿ, ಡಬ್ಬಿಯನ್ನು ಹೊಸದಾಗಿ ಬಂದಾಗ ಇದ್ದಂತೆ ರೀಸೆಟ್ ಮಾಡಿದೆ. ಸಾಕ್ಷಿಗೂ ಫೋನ್ ಮಾಡಿದೆ. ಸಹಾಯ ಕೇಳಲಿಲ್ಲ, ಆ ಪ್ಲೇಯರ್ ಮಾಡಿದವರ ಸ್ವಂತ ಮನೆ ಎಲ್ಲಿ ಎಂದು ವಿಳಾಸವನ್ನಷ್ಟೇ ಕೇಳಿದೆ. “ಹಸಿರು ಗುಂಡಿ ಒತ್ತಿದ್ಯೇನವ್ವಾ?” ಎಂದಳು. ಅವಳಿಗೆ ಹೇಗೆ ಗೊತ್ತಾಯಿತೋ.

ಈ ಸಲ ಹೊಲಿಗೆ ಕ್ಲಾಸಿನ ಹುಡುಗಿಯರಿಗೆ ಕತ್ತರಿ ಹಾಕುವ ಮುಂಚೆ ನಾನು ಹೇಳುವುದನ್ನೇ ನನಗೂ ಹೇಳಿಕೊಂಡೆ: ಅಳತೆ ನೋಡು, ಮತ್ತೊಮ್ಮೆ ನೋಡು. ವಿಳಾಸದ ಅಕ್ಷರಗಳನ್ನು ಒಂದೊಂದೇ ತಾಳೆ ನೋಡಿದೆ. ಡಬ್ಬಿಯ ಮಾದರಿ ನೋಡಿ ಅದಕ್ಕೆ ಒಪ್ಪುವ ಫೈಲನ್ನೇ ಇಳಿಸಿದೆ. ಅನುಮತಿ ಕೊಡುವಾಗಲೂ ಫೈಲು ತರುವ ಬ್ರೌಸರ್ ಒಂದಕ್ಕೇ ಕೊಟ್ಟೆ. ಪ್ಲೇಯರ್ ಹಾಕಿಕೊಂಡಿತು. ಅದು ಪೆನ್ ಡ್ರೈವ್ ಓದಲೇ ಎಂದು ಕೇಳಿತು, ಓದು ಎಂದೆ. ಬೇರೇನನ್ನೂ ಕೇಳಲಿಲ್ಲ, ಮರ್ಯಾದಸ್ಥರ ಮನೆಯದು. ಕೆಲಸ ಮುಗಿದ ಕೂಡಲೇ ಹೊರಗಿನ ಅನುಮತಿಯನ್ನು ಮುಚ್ಚಿದೆ. ನೆಂಟರು ಒಳಗೆ ಬಂದ ಮೇಲೆ ಬಾಗಿಲ ಚಿಲಕ ಹಾಕದೆ ಬಿಡುವವರುಂಟೆ?

ಆದರೂ ಚಿತ್ರ ಬಂತು, ದನಿ ಬರಲಿಲ್ಲ. ಅಳು ಬಂತು. ಅಳುತ್ತಲೇ ಅದರ ಸೆಟ್ಟಿಂಗಿನೊಳಗೆ ಹೊಕ್ಕೆ. ಆಡಿಯೊ ಎಂಬಲ್ಲಿ, ಧ್ವನಿಯನ್ನು ಬಿಡಿಸುವ ಕೆಲಸ ಡಬ್ಬಿಯ ಯಂತ್ರ ಮಾಡಬೇಕೋ, ಈ ಆ್ಯಪೇ ಮಾಡಬೇಕೋ ಎಂಬ ಆಯ್ಕೆ ಇತ್ತು. ಡಬ್ಬಿಗೆ ತಿಳಿಯುವುದಿಲ್ಲವೆಂದು ಸಾಕ್ಷಿಯೇ ಹೇಳಿದ್ದಳಲ್ಲ, ಮತ್ತೆ ಅದರ ಕೈಗೇಕೆ ಕೊಡಬೇಕು? ನೀನೇ ಮಾಡು ಎಂದು ಆ್ಯಪಿಗೆ ಗುರುತು ಹಾಕಿದೆ.

“ಜಾಂಬೋಟಿ ಮಳಿಯಾಗ ತೊಯ್ದು, ಭತ್ತದ ಗದ್ದಿ ಕೆಸರಾಗ ಕಾಲೂರಿ ಬೆಳದ ಪೈಲ್ವಾನ್ರೀ ಇಂವಾ, ಬಂಡೆಪ್ಪ! ಉಸ್ತಾದರ ಹೆಸರು ಉಳಸೋ ಹುಡುಗಾ!”

ಮನೆ ತುಂಬಿತು. ವಾಲ್ಯೂಮ್ ಪೂರ್ತಿ ಏರಿಸಿಯೇ ಇತ್ತು, ಕ್ಲಾಸಿನ ಹುಡುಗಿಯರು ಮಷೀನ್ ಬಿಟ್ಟು ಓಡಿ ಬಂದರು, ಭರಮವ್ವ ಗೋಡೆಯಾಚೆಯಿಂದ “ಬಾಳಪ್ಪಣ್ಣಾ ಮಾತಾಡಿದ್ನೇನವಾ?” ಎಂದು ಕೂಗಿದಳು. ನಾನು ಮಾಡಿದ್ದು. ಈ ಕೈಯಿಂದ ಮಾಡಿದ್ದು. ಮೊದಲ ಬ್ಲೌಸ್ ಹೊಲಿದ ದಿನವೂ ನನಗೆ ಇಷ್ಟು ಹೆಮ್ಮೆಯಾಗಿರಲಿಲ್ಲ.

ಇವರು ನೋಡಿದರು, ಕೇಳಿದರು. ನನ್ನ ಕೈಯಿಂದ ರಿಮೋಟು ತೆಗೆದುಕೊಂಡರು. ಎಡಗೈಯಿಂದ ಟಿ.ವಿ. ಆರಿಸಿ ಗೋಡೆಯ ಕಡೆ ತಿರುಗಿ ಮಲಗಿದರು.

ಯಾಕೆಂದು ನನಗೆ ತಿಳಿಯಲಿಲ್ಲ. ರೊಟ್ಟಿಗೆ ಕರೆದರೆ ಏಳಲಿಲ್ಲ.

ಜನವರಿ 28, ಮಂಗಳವಾರ

ಖಾಸಬಾಗ ಬಜಾರಿನಿಂದ ಕಾಯಿಪಲ್ಯ ತರುತ್ತಿದ್ದೆ. ಓಣಿಯ ತಿರುವಿನಲ್ಲೇ ಇವರ ದನಿ ಕೇಳಿಸಿತು. ಆದರೆ ಅದು ಎಳೆದೆಳೆದು ಬರುತ್ತಿತ್ತು, ನಿದ್ದೆಗಣ್ಣಿನಲ್ಲಿ ಮಾತಾಡಿದಂತೆ. ಬಾಗಿಲಲ್ಲಿ ನಿಂತು ನೋಡಿದೆ. ಇವರೇ ಆ ಪ್ಲೇಯರ್ ತೆರೆದಿದ್ದಾರೆ. ವೇಗ ಕಡಿಮೆ ಮಾಡುವ ಆಯ್ಕೆಯನ್ನು ಅದರ ಪಟ್ಟಿಯೊಳಗಿಂದ ಹುಡುಕಿ ತೆಗೆದಿದ್ದಾರೆ, ಅದು ಅಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ. ಟಿ.ವಿ.ಯೊಳಗಿನ ಇವರು ನಿಧಾನಕ್ಕೆ “ಜಾಂ…ಬೋ…ಟಿ” ಎನ್ನುತ್ತಾರೆ, ಹೊರಗಿನ ಇವರು ರಿಮೋಟು ಒತ್ತಿ ಅದನ್ನು ನಿಲ್ಲಿಸುತ್ತಾರೆ. ಗಂಟಲು ಉಬ್ಬುತ್ತದೆ. “ಜಾ… ಜಾ…”

“ಜಾಂಬೋಟಿ ಅನ್ರಿ, ಜಾಂಬೋಟಿ!” ಎಂದೆ, ಚೀಲ ಹಿಡಿದುಕೊಂಡೇ.

ಇವರು ನನ್ನನ್ನು ದುರುಗುಟ್ಟಿ ನೋಡಿದರು. ಟಿ.ವಿ. ಆರಿತು. ಹುರಿದುಂಬಿಸಿದ್ದೂ ತಪ್ಪಾಯಿತು.

ಫೆಬ್ರವರಿ 3, ಸೋಮವಾರ

ಈಗ ದಿನವೂ ಇದೇ ನಡೆದಿದೆ. ನಾನು ಅಡುಗೆಮನೆಯಿಂದ ಒಂದಕ್ಷರ ತಿದ್ದಿದರೆ ಸಾಕು, ಇವರು ವಾಲ್ಯೂಮ್ ಏರಿಸಿ ನನ್ನ ದನಿ ಮುಚ್ಚುತ್ತಾರೆ. ಅದಕ್ಕೇ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ರೊಟ್ಟಿ ಬಡಿಯುತ್ತೇನೆ. ಬಡಿಯುವ ಸದ್ದಿನಲ್ಲಿ ಅಲ್ಲಿನದು ಕೇಳಿಸುವುದಿಲ್ಲ, ಕೇಳಿಸದಿದ್ದರೆ ತಿದ್ದಬೇಕೆನಿಸುವುದಿಲ್ಲ. ನಿಜ ಹೇಳಬೇಕೆಂದರೆ ಒಮ್ಮೊಮ್ಮೆ ಬಡಿಯುವುದು ನಿಲ್ಲಿಸಿ ಕೇಳುತ್ತೇನೆ.

ಶನಿವಾರ ಮಧ್ಯಾಹ್ನ ‘ಜಾಂಬೋಟಿ’ ಇಡಿಯಾಗಿ ಬಂತು. ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದೆ. ಇವರು ಕೈ ಎತ್ತಿ, ಅಲ್ಲೇ ನಿಲ್ಲು ಎಂದರು. ಮತ್ತೊಮ್ಮೆ ಹೇಳಿದರು. ಅಂದಿನಿಂದ ಬಾಯಲ್ಲಿ ತಾಲೂಕಿನ ಊರ ಹೆಸರುಗಳದೇ ಸುಗ್ಗಿ. ನೀರು ಬೇಕಾದರೆ ನಂದಗಡ, ರೊಟ್ಟಿಗೆ ಬೀಡಿ, ಬಚ್ಚಲಿಗೆ ಹೋಗಬೇಕಾದರೆ ಪಾರಿಶ್ವಾಡ. ನಿನ್ನೆ ಚಹಾ ಕೊಟ್ಟಾಗ ಗಂಭೀರವಾಗಿ “ಲೋಂಡಾ” ಎಂದರು. ನನಗೆ ನಗು ತಡೆಯಲಿಲ್ಲ, ಇವರಿಗೂ ತಡೆಯಲಿಲ್ಲ. ಸಕ್ಕರೆ ಕಡಿಮೆಯಾಗಿತ್ತಂತೆ.

ಇಂದು ಕ್ಲಿನಿಕ್ಕಿನಲ್ಲಿ ಕೇತಕಿ ಛತ್ರಿಯ ಚಿತ್ರ ಹಿಡಿದಳು. ಇವರು ಬಹಳ ಹೊತ್ತು ತೆಗೆದುಕೊಂಡರು. ನಾನು ಕಿಟಕಿಯ ಹೊರಗೆ ಕ್ಯಾಂಪಿನ ಮರಗಳನ್ನು ನೋಡುತ್ತ ಕೂತೆ. “ಛ…ತ್ರಿ” ಎಂದರು. ಈ ಸಲ ಕೇತಕಿ ನನ್ನನ್ನು ಬೆಂಚಿಗೆ ಕಳಿಸಲಿಲ್ಲ, ಯಾಕೋ ಮರೆತಳು.

ಮನೆಗೆ ಬಂದು ಇವರ ಹಳದಿ ಪಟಗಾ ತೆಗೆದು ಒಗೆದು ಗಂಜಿ ಹಾಕಿದೆ. ಹದಿನಾರಕ್ಕೆ ಕುಸ್ತಿ. ದಿಗಂಬರರಿಗೆ ಕೊಟ್ಟ ಮಾತು ಉಳಿಯುವ ಲಕ್ಷಣ ಕಾಣುತ್ತಿದೆ. ಓಣಿಯಲ್ಲೆಲ್ಲ ಹೇಳಿಬಂದೆ.

ಫೆಬ್ರವರಿ 9, ಭಾನುವಾರ

ಊಟ ಮಾಡುತ್ತಿದ್ದಾಗ ದಿಗಂಬರ ಫೋನ್ ಮಾಡಿದರು. ಫೋನಿನ ಸ್ಪೀಕರ್ ಹಾಕಿ ತಟ್ಟೆಯ ಪಕ್ಕ ಇಟ್ಟೆ. “ವಹಿನಿ, ಪೋಸ್ಟರ್ ಛಾಪಸಾಕ ಕೊಡಾಕತ್ತೇವಿ. ಬಾಳಪ್ಪಣ್ಣನ ಹೆಸರು ಹಾಕ್ಲೇನ್ರಿ? ಅನಿಕೇತಗೂ ಹೇಳಬೇಕು. ಅಂವಾ ಬ್ಯಾಸರಾ ಮಾಡ್ಕೊಳ್ಳಂಗಿಲ್ಲ, ಗುರುಗಳ ಹಿಡೀಲಿ ಅಂತಾನ.”

ಹಾಕ್ರಿ ಎಂದು ನಾನು ಬಾಯಿ ತೆರೆದೆ.

“ಬ್ಯಾಡ.”

ಯಾರು ಅಂದರೆಂದು ಒಂದು ಕ್ಷಣ ತಿಳಿಯಲಿಲ್ಲ. ಇವರು ತುತ್ತು ಕೆಳಗಿಟ್ಟಿದ್ದರು. ಅದು ಊರಿನ ಹೆಸರಲ್ಲ. ‘ಆತು’ ಅಲ್ಲ. ನಾನು ಫೋನಿನ ಮೇಲೆ ಕೈ ಮುಚ್ಚಿದೆ.

“ಏನು ಬ್ಯಾಡ? ಪೋಸ್ಟರ್ ಬ್ಯಾಡೋ, ಹೆಸರು ಬ್ಯಾಡೋ?”

“ಮೈಕ್… ಬ್ಯಾಡ.”

“ಇಷ್ಟು ದಿನ ಮತ್ತ್ಯಾಕ ಕಲತ್ರಿ? ಊರೆಲ್ಲಾ ಕಾಯಾಕತ್ತೈತಿ. ಪಟಗಾಕ್ಕ ಗಂಜಿ ಹಾಕೇನಿ. ನಾ ಮಾತು ಕೊಟ್ಟೇನಿ ದಿಗಂಬರ ಅಣ್ಣಗ!”

ಇವರ ಮುಖ ಕೆಂಪೇರಿತು. ಬಾಯಿ ತೆರೆಯಿತು, ಮುಚ್ಚಿತು. ಯಾವ ಮಾತು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿರಲಿಲ್ಲ, ಆದ್ದರಿಂದ ಸುಮ್ಮನಿದ್ದೆ. ಇವರ ಮನಸ್ಸಿನಲ್ಲಿ ಏನಿದೆಯೆಂದು ನನಗೆ ಗೊತ್ತಾಗದೆ ಹೋದದ್ದು ಇದೇ ಮೊದಲಿರಬೇಕು. ಅನ್ನ ಆರುತ್ತಿತ್ತು.

“ನೀ… ಕೊಟ್ಟಿ,” ಎಂದರು. “ನಾ… ಕೊಟ್ಟಿಲ್ಲ.”

ಇವರು ಟಿ.ವಿ. ಕಡೆ ಕೈ ತೋರಿದರು. ಊಟಕ್ಕೆ ಏಳುವಾಗ ತಡೆದು ನಿಲ್ಲಿಸಿದ್ದ ಚಿತ್ರ ಹಾಗೇ ಇತ್ತು, ಕಪ್ಪು ಮೀಸೆ, ಹಳದಿ ಪಟಗಾ, ಎತ್ತಿದ ಕೈ. “ಅಂವಾ… ಚಲೋ… ಹಿಡದಾನ. ಸಾಕು.” ಉಸಿರು ತೆಗೆದುಕೊಂಡರು. “ಈ ಸಲ… ನಾ… ಕುಂತು… ನೋಡ್ತೀನಿ.”

ಅಷ್ಟು ವರ್ಷ ಕಣದ ನಡುವೆ ನಿಂತವರು, ಕುಂತು ಕುಸ್ತಿ ನೋಡಿದ್ದೇ ಇಲ್ಲ. ಅದು ನನಗೆ ಹೊಳೆದಿರಲೇ ಇಲ್ಲ. ಇಷ್ಟು ದಿನ ಟಿ.ವಿ. ಮುಂದೆ ತಾಲೀಮು ಮಾಡಿದ್ದು ಖಾನಾಪುರದ ಜನರಿಗೆ ಕೇಳಿಸಲೆಂದಲ್ಲ, ನನಗೆ ಇಲ್ಲ ಎನ್ನಲಿಕ್ಕೆ. ಆ ಸಂಕ್ರಮಣದ ದಿನವೇ ಕುರ್ಚಿ ಬಡಿದು ಅಂದದ್ದು ಇದನ್ನೇ ಇರಬೇಕು.

ನವೆಂಬರಿನ ಮೇಲೆ ಮೊದಲ ಜಗಳ. ಸೋತೆ. ಸೋತೆ ಎಂದು ಬರೆಯುವಾಗಲೂ ನನಗೆ ಎಂಥ ಹಿಗ್ಗು ಬಂದಿದೆಯೆಂದರೆ ಅಕ್ಷರ ನೆಟ್ಟಗೆ ನಿಲ್ಲುತ್ತಿಲ್ಲ.

ಕೈಯಡಿಯ ಫೋನಿನಲ್ಲಿ ದಿಗಂಬರ “ವಹಿನಿ? ವಹಿನಿ?” ಎನ್ನುತ್ತಿದ್ದರು. “ಅಣ್ಣಾ, ತಡೀರಿ. ಅವರೇ ಹೇಳ್ತಾರ,” ಎಂದು ಫೋನನ್ನು ಇವರ ಎಡಗೈಗೆ ಕೊಟ್ಟೆ. ಇವರು ಕಿವಿಗೆ ಹಚ್ಚಿ ಕೂತರು. ಹೇಳಬೇಕಾದ ಮಾತು ಈಗ ನನಗೆ ಗೊತ್ತಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಮಜ್ಜಿಗೆ ತರುತ್ತೇನೆಂದು ಒಳಗೆ ಹೋದೆ. ಮಜ್ಜಿಗೆ ಆಗಲೇ ಬಡಿಸಿತ್ತು. ಒಳಗೆ ನಿಂತು ಕೇಳಿದೆ. ಆ ಕಡೆ ದಿಗಂಬರರೂ ಕಾದರೆಂದು ಕಾಣುತ್ತದೆ, ಬಹಳ ಹೊತ್ತಿನ ಮೇಲೆ ಇವರ ದನಿ ಬಂತು.

“ದಿಗಂಬರಾ… ಅನಿಕೇತ… ಹಿಡೀಲಿ.”

ಫೆಬ್ರವರಿ 16, ಭಾನುವಾರ

ಖಾನಾಪುರದಿಂದ ಈಗಷ್ಟೇ ಬಂದೆವು. ಮೈಯೆಲ್ಲ ಕಣದ ಧೂಳು.

ಕುಸ್ತಿಗೆ ನಾನು ಯಾವತ್ತೂ ಹೋದವಳಲ್ಲ, ನಮ್ಮ ಕಡೆ ಹೆಂಗಸರು ಹೋಗುವುದು ಕಡಿಮೆ. ಇಂದು ಇವರ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತೆ. ಯಾರಾದರೂ ಏನಾದರೂ ಅನ್ನಲಿ ಎಂದು ಸಜ್ಜಾಗಿಯೇ ಹೋಗಿದ್ದೆ, ಯಾರೂ ಅನ್ನಲಿಲ್ಲ. ಶೇಂಗಾದ ಪೊಟ್ಟಣ ಕೊಂಡುಕೊಂಡೆವು. ಇವರು ಎಡಗೈಯಿಂದಲೇ ಸುಲಿದು ತಿಂದರು, ಸಿಪ್ಪೆಯೆಲ್ಲ ನನ್ನ ಸೀರೆಯ ಮೇಲೆ.

ಅನಿಕೇತನ ದನಿ ಎಳೆಯದು, ಆದರೆ ಚೆನ್ನಾಗಿದೆ. ನಡುವೆ ಅವನು, ನನಗೆ ಈ ಕೆಲಸ ಕಲಿಸಿದ ಗುರುಗಳು ಇಲ್ಲೇ ಕೂತಿದ್ದಾರೆ ಎಂದು ಎರಡೂ ಭಾಷೆಯಲ್ಲಿ ಹೇಳಿದ. ಜನವೆಲ್ಲ ತಿರುಗಿತು. ಚಪ್ಪಾಳೆ ಎಲ್ಲಿಂದಲೋ ಶುರುವಾಗಿ ಕಣ ಸುತ್ತಿಕೊಂಡು ಬಂತು. ದಿಗಂಬರರು ತಡೆಯಲಾರದೆ ವೈರಿಲ್ಲದ ಮೈಕೊಂದನ್ನು ತಂದು ಇವರ ಮುಂದೆ ಹಿಡಿದರು. ಎಲ್ಲೆಡೆ ಸದ್ದಡಗಿತು. ನಾನು ಕೈಗಳೆರಡನ್ನೂ ಸೆರಗಿನೊಳಗೆ ಇಟ್ಟುಕೊಂಡೆ.

ಇವರು ಮೈಕು ತೆಗೆದುಕೊಂಡರು. ಅದನ್ನು ಒಮ್ಮೆ ಹಣೆಗೆ ಒತ್ತಿಕೊಂಡರು. ಆಮೇಲೆ ದಿಗಂಬರರಿಗೇ ತಿರುಗಿ ಕೊಟ್ಟು, ಕುಸ್ತಿ ನಡೆಯಲಿ ಎಂಬಂತೆ ಕಣದ ಕಡೆ ಕೈ ಮಾಡಿದರು. ಯಾರೂ ಒತ್ತಾಯಿಸಲಿಲ್ಲ. ಅಂಥ ಗತ್ತಿನಲ್ಲಿ ಮೈಕು ಹಿಂದಕ್ಕೆ ಕೊಟ್ಟವರನ್ನು ನಾನು ನೋಡಿಲ್ಲ, ನೀವೂ ನೋಡಿರಲಿಕ್ಕಿಲ್ಲ. ಇವರು ನನ್ನ ಗಂಡ.

ಕೊನೆಯದು ದೊಡ್ಡ ಕುಸ್ತಿ. ನನಗೆ ಒಬ್ಬರ ಮೇಲೊಬ್ಬರು ಬಿದ್ದದ್ದಷ್ಟೇ ಕಾಣುತ್ತಿತ್ತು. “ಯಾವಾಂವ ಯಾವಾಂವ ಇವ್ರು?” ಎಂದು ಕೇಳಿದೆ. ಇವರು ನನ್ನ ಕಡೆ ಬಾಗಿ, ಒಂದೊಂದೇ ಮಾತು ಹುಡುಕಿ ಹುಡುಕಿ ಹೇಳತೊಡಗಿದರು. “ಕೆಂಪು… ಲಂಗೋಟಿ… ಕಕ್ಕೇರಿಯಾಂವ. ಅವನ… ಕಾಲು… ನೋಡು.” ನೋಡಿದೆ. “ಈಗ… ತಿರಗತಾನ… ನೋಡು.” ಅಷ್ಟರಲ್ಲಿ ಅವನು ತಿರುಗಿ ಆಗಿತ್ತು. ಮುಂದಿನದನ್ನು ಕೇಳಲು ಕಿವಿ ಕೊಟ್ಟೆ.

ಥಟ್ಟನೆ ಜನವೆಲ್ಲ ಎದ್ದು ಕೂಗಿತು, ಹಲಗೆವಾದ್ಯ ಮೊಳಗಿತು, ಧೂಳೆದ್ದಿತು. ಯಾರು ಗೆದ್ದರೆಂದು ಅನಿಕೇತ ಮೈಕಿನಲ್ಲಿ ಆಗಲೇ ಕನ್ನಡದಲ್ಲಿ ಹೇಳಿ, ಮರಾಠಿಯಲ್ಲೂ ಹೇಳಿ ಮುಗಿಸಿದ್ದನಂತೆ. ನನಗೆ ಅದು ಕೇಳಿಸಲಿಲ್ಲ. ನಾನು ಇವರ ಬಾಯನ್ನೇ ನೋಡುತ್ತ ಕೂತಿದ್ದೆ, ಇವರು ಇನ್ನೂ ಹೇಳುತ್ತಿದ್ದರು.